ಮುಯ್ಯಿ ಪುಸ್ತಕದ ಪಕ್ಕ ಇನ್ನೊಂದು ಪುಸ್ತಕ

(ಕೃಷ್ಣರಾಜಪೇಟೆ ತಾಲ್ಲೂಕು ಗೋವಿಂದನಹಳ್ಳಿಯಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಆಡಿದ ಮಾತು)

ಪಂಚಲಿಂಗೇಶ್ವರನ ಊರಿನ ತಾಯಂದಿರೇ, ಅಕ್ಕತಂಗಿಯರೇ,

ಹೆಣ್ಣುಮಕ್ಕಳು ಓದಬೇಕು ಎಂದು ಹೇಳಿ ಹೋಗುವುದು ಸುಲಭ. ನಾನೂ ಅದನ್ನೇ ಹೇಳಲು ಬಂದವಳು. ಆದರೆ ಓದಿದ ನಾನು ಎಲ್ಲಿ ಎಡವಿದೆ ಎಂಬುದನ್ನು ಮೊದಲು ಹೇಳುತ್ತೇನೆ.

ನಾನು ಬಿ.ಎ. ಪಾಸಾದಾಗ ಅಪ್ಪ ಊರಿಗೆಲ್ಲ ಸಿಹಿ ಹಂಚಿದರು. ಓದಿದ ಹುಡುಗಿಗೆ ಅವಳಿಗಿಂತ ಹೆಚ್ಚು ಓದಿದ ಗಂಡೇ ಬೇಕೆಂದರು. ಹೆಚ್ಚು ಓದಿದ ಗಂಡಿಗೆ ಹೆಚ್ಚು ರೇಟು. ಕಬ್ಬಿನ ಗದ್ದೆ ಮಾರಿ ಕೊಟ್ಟರು. ನನ್ನ ಓದು ವರದಕ್ಷಿಣೆಯನ್ನು ಇಳಿಸಲಿಲ್ಲ, ಏರಿಸಿತು.

ಓದಿದವರೆಲ್ಲ ನ್ಯಾಯವಂತರೂ ಅಲ್ಲ. 2023ರಲ್ಲಿ ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು, ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಎಂದು ನೋಡುತ್ತಿದ್ದ ಜಾಲ ಬಯಲಾಯಿತು. ಬಂಧಿತರಲ್ಲಿ ವೈದ್ಯರೂ ಇದ್ದರು.

ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಬರೆಯಲು ಒಬ್ಬರು ಪುಸ್ತಕ ಹಿಡಿದು ಕೂರುತ್ತಾರೆ. ಅಣ್ಣನ ಮದುವೆಯಲ್ಲಿ ಅದನ್ನು ಬರೆದವಳು ನಾನೇ. ನನ್ನ ಮದುವೆಯಲ್ಲಿ ನನಗೆ ಬಂದ ಒಡವೆ, ಪಾತ್ರೆಗಳ ಪಟ್ಟಿಯನ್ನು ಮಾತ್ರ ಯಾರೂ ಬರೆಯಲಿಲ್ಲ. "ನಂಬಿಕೆ ಇಲ್ಲವೇ?" ಎಂದುಬಿಟ್ಟಾರು ಎಂಬ ಸಂಕೋಚ.

ನಾಲ್ಕು ವರ್ಷ ಹೊಡೆತ ತಿಂದು ತವರಿಗೆ ಬಂದೆ. ಒಡವೆ ಕೇಳಿದರೆ, "ಏನು ತಂದಿದ್ದಳು? ಎಲ್ಲಿದೆ ಲೆಕ್ಕ?" ಎಂದರು. ಡಿಗ್ರಿ ಸರ್ಟಿಫಿಕೇಟು ಅಲ್ಲಿ ಕೆಲಸಕ್ಕೆ ಬರಲಿಲ್ಲ. ಹೆಬ್ಬೆಟ್ಟು ಒತ್ತುವ ನನ್ನ ಅವ್ವ, ಒಡವೆ ಅಂಗಡಿಯ ರಸೀದಿಗಳನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದಳು. ಅವುಗಳಿಂದ ಅರ್ಧವಾದರೂ ಕೈಗೆ ಬಂತು.

ಇಂಥ ಪಟ್ಟಿ ಬರೆದಿಡಬೇಕೆಂದು 1985ರಲ್ಲೇ ನಿಯಮ ಬಂದಿದೆ. ವಸ್ತು ಯಾವುದು, ಬೆಲೆ ಸುಮಾರು ಎಷ್ಟು, ಕೊಟ್ಟವರು ಯಾರು, ಅವರು ಏನಾಗಬೇಕು ಎಂದು ಬರೆದು ವಧೂವರರಿಬ್ಬರೂ ಸಹಿ ಹಾಕಬೇಕು. ವಧುವಿನ ಪಟ್ಟಿ ವಧುವಿನ ಬಳಿಯೇ ಇರಬೇಕು. ಒಂದು ಮಾತು ನೆನಪಿರಲಿ. ಕೇಳಿ ಪಡೆದದ್ದು ವರದಕ್ಷಿಣೆಯೇ. 1961ರ ಕಾಯ್ದೆಯಂತೆ ಅಪರಾಧ. ಪಟ್ಟಿಗೆ ಸೇರಿಸಿದ ಮಾತ್ರಕ್ಕೆ ಅದು ಉಡುಗೊರೆಯಾಗುವುದಿಲ್ಲ. ಹಿಂಸೆಗೆ ಒಳಗಾದವಳಿಗೆ ಅವಳ ಸ್ತ್ರೀಧನವನ್ನು ಹಿಂದಿರುಗಿಸಿ ಎಂದು ಆದೇಶಿಸುವ ಅಧಿಕಾರ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರಿಗಿದೆ. ಆಗ ಪಟ್ಟಿಯೇ ನಿಮ್ಮ ಸಾಕ್ಷಿ.

ಸಂಘದ ಉಳಿತಾಯ, ಸಾಲ ಎಲ್ಲವನ್ನೂ ನೀವು ಪೈಸೆ ಬಿಡದೆ ಬರೆಯುತ್ತೀರಿ. ಅದೇ ಕೈ ಇದನ್ನೂ ಬರೆಯಲಿ. ಮುಂದಿನ ಮದುವೆಯಲ್ಲಿ ಮುಯ್ಯಿ ಪುಸ್ತಕದ ಪಕ್ಕ ಮಗಳ ಪುಸ್ತಕವನ್ನೂ ಇಡಿ. ಮದುವೆಗೆಂದು ಸಾಲ ಕೇಳಿ ಬಂದವಳನ್ನು, "ಯಾರಿಗೆ ಕೊಡಲು, ತಾಯಿ?" ಎಂದು ಸಂಘದಲ್ಲೇ ಕೇಳಿ. ಮಗಳನ್ನು ಓದಿಸಿ. ಓದಿದ್ದನ್ನು ತನ್ನ ರಕ್ಷಣೆಗೆ ಬಳಸುವುದನ್ನೂ ಕಲಿಸಿ. ಸಂಕೋಚ ಬಿಡಿಸಿ.