ವಿಳಾಸ ಹೊತ್ತು ಹುಟ್ಟುವ ಪ್ರೋಟೀನು

ದಾಂಡೇಲಿಯ ಬಂಗೂರನಗರದಲ್ಲಿ, ಕಾಳೀನದಿಯ ದಂಡೆಯ ಮೇಲೆ, 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಇರುವುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಕಾಗದ ಮಾಡುವಲ್ಲಿ ಹೇರಳವಾಗಿ ನೀರು ಕೊಳೆಯಾಗುತ್ತದೆ. ಅದನ್ನು ಹೊರಬಿಡುವ ಮುನ್ನ ಶುದ್ಧಿಗೊಳಿಸಲು ಕಾಗದದ ಗಿರಣಿಗಳು ಸಾಮಾನ್ಯವಾಗಿ ನೆಚ್ಚುವುದು ಬ್ಯಾಕ್ಟೀರಿಯಗಳನ್ನು. ನೀರಿನಲ್ಲಿ ಕರಗಿದ ಕಲ್ಮಷ ಅವುಗಳಿಗೆ ಆಹಾರ. ಅವುಗಳ ಊಟವೇ ನೀರಿಗೆ ಶುದ್ಧಿ. ಆದರೆ ಬಾಯಿಯಿಲ್ಲದ ಈ ಜೀವಿಗಳು ಉಣ್ಣುವುದು ಹೇಗೆ? ಅವುಗಳ ಮೈಯ ಪೊರೆಯಲ್ಲಿ ಪ್ರೋಟೀನಿನಿಂದಾದ ಬಾಗಿಲುಗಳಿವೆ. ಒಳಗೆ ತಯಾರಾಗುವ ಆ ಬಾಗಿಲುಗಳು ಪೊರೆಯನ್ನು ಸೇರುವ ಬಗೆಯನ್ನು ಇಂದು ನಾನು ಹೇಳಬಯಸುತ್ತೇನೆ.

ವಿಜ್ಞಾನಿಗಳು ಹೆಚ್ಚಾಗಿ ಪರೀಕ್ಷಿಸಿರುವುದು ಇ. ಕೋಲಿ ಎಂಬ ಬ್ಯಾಕ್ಟೀರಿಯವನ್ನು. ಅಂಥ 500 ಕೋಶಗಳನ್ನು ಉದ್ದುದ್ದ ಜೋಡಿಸಿದರೆ ಸುಮಾರು ಒಂದು ಮಿಲಿಮೀಟರ್ ಆದೀತು. ಅದರೊಳಗಿನ ರೈಬೋಸೋಮುಗಳು ಸೆಕೆಂಡಿಗೆ ಸುಮಾರು 15ರಂತೆ ಅಮೈನೊ ಆಮ್ಲಗಳನ್ನು ಪೋಣಿಸಿ ಪ್ರೋಟೀನು ನೇಯುತ್ತವೆ. ಕೋಶದ ಒಡಲು ನೀರು, ಪೊರೆ ಜಿಡ್ಡು. ಪೊರೆಗೆ ಸೇರಬೇಕಾದ ಪ್ರೋಟೀನಿಗೂ ಜಿಡ್ಡಿನ ಗುಣವೇ. ಅದು ನೀರಿನಲ್ಲಿ ಪೂರ್ತಿ ತಯಾರಾಗಿ ಕಾದು ಕುಳಿತರೆ ಮುದ್ದೆಗಟ್ಟಿ ನಿರುಪಯುಕ್ತವಾಗುತ್ತದೆ.

ಕಾಗದದ ಊರಿನ ಮಾತಾದ್ದರಿಂದ ಕಾಗದದ ಹೋಲಿಕೆಯನ್ನೇ ಕೊಡುತ್ತೇನೆ. ನಾವು ಒಕ್ಕಣೆ ಮುಗಿಸಿದ ಮೇಲೆ ವಿಳಾಸ ಬರೆಯುತ್ತೇವೆ. ಇಲ್ಲಿ ಬಹುಮಟ್ಟಿಗೆ ವಿಳಾಸವೇ ಮೊದಲು. ಪ್ರೋಟೀನಿನ ಎಳೆಯಲ್ಲಿ ಆರಂಭದ ಜಿಡ್ಡಿನ ತುಣುಕು ರೈಬೋಸೋಮಿನಿಂದ ಹೊರಚಾಚಿದೊಡನೆ ಒಂದು ಅಂಚೆಯಾಳು ಅದನ್ನು ಗುರುತಿಸಿ ಹಿಡಿಯುತ್ತದೆ. ಒಂದು ಆರ್‌ಎನ್‌ಎ, ಒಂದು ಪ್ರೋಟೀನು, ಇಷ್ಟೇ ಅದರ ಶರೀರ. ಅದು ಅರ್ಧ ಬರೆದ ಕಾಗದವನ್ನು ಮಾತ್ರವಲ್ಲ, ಬರೆಯುತ್ತಿರುವವನನ್ನೂ, ಎಂದರೆ ರೈಬೋಸೋಮನ್ನೂ, ಪೊರೆಯ ಬಳಿಗೆ ಒಯ್ಯುತ್ತದೆ. ಅಲ್ಲಿ ಅದನ್ನು ಎದುರುಗೊಳ್ಳುವ ಮತ್ತೊಂದು ಪ್ರೋಟೀನಿದೆ. ಇಬ್ಬರ ಕೈಯಲ್ಲೂ ಜಿಟಿಪಿ ಎಂಬ ಶಕ್ತಿದ್ರವ್ಯದ ಒಂದೊಂದು ಕಣ. ಇಬ್ಬರೂ ಕೂಡಿದ ಮೇಲೆ ರೈಬೋಸೋಮು ಪೊರೆಯ ಕಿರುನಾಳಕ್ಕೆ ಒಪ್ಪಿತವಾಗುತ್ತದೆ; ಜಿಟಿಪಿ ಒಡೆದು ಇಬ್ಬರೂ ಬಿಡುಗಡೆಯಾಗುತ್ತಾರೆ. ಮುಂದಿನ ನೇಯ್ಗೆ ನಾಳದ ಬಾಯಲ್ಲೇ ನಡೆಯುತ್ತದೆ. ನಾಳ ಪಕ್ಕಕ್ಕೆ ತೆರೆದುಕೊಂಡು ಹೊಸ ಬಾಗಿಲನ್ನು ಪೊರೆಯೊಳಕ್ಕೆ ಜಾರಿಸುತ್ತದೆ. ಈ ಅಂಚೆ ನಿಂತರೆ ಇ. ಕೋಲಿ ಬದುಕಲಾರದು.

ಪ್ರೋಟೀನಿನಲ್ಲೇ ವಿಳಾಸವಿದೆಯೆಂಬ ಊಹೆಯನ್ನು 1971ರಲ್ಲಿ ಗುಂಟರ್ ಬ್ಲೋಬೆಲ್ ಮತ್ತು ಡೇವಿಡ್ ಸಬಟಿನಿ ಮುಂದಿಟ್ಟರು. ಅದನ್ನು ಸಾಧಿಸಿ ತೋರಿದ್ದಕ್ಕಾಗಿ ಬ್ಲೋಬೆಲ್ 1999ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಅವರ ಪ್ರಯೋಗಗಳು ಪ್ರಾಣಿಕೋಶಗಳಿಗೆ ಸಂಬಂಧಿಸಿದವು. ಬ್ಯಾಕ್ಟೀರಿಯದಲ್ಲೂ ಅದೇ ಕ್ರಮವಿರುವುದು ಅನಂತರ ಗೊತ್ತಾಯಿತು. ನಮ್ಮ ಕೋಶಗಳ ಅಂಚೆಯಾಳಿಗೆ ಪ್ರೋಟೀನುಗಳು ಆರು. ವೃತ್ತಿ ಮಾತ್ರ ಅದೇ. ನಮ್ಮ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಕೂಡ 24 ಅಮೈನೊ ಆಮ್ಲಗಳ ವಿಳಾಸವನ್ನು ಮುಂದಿಟ್ಟುಕೊಂಡೇ ಹುಟ್ಟುತ್ತದೆ. ದಾರಿ ಹಿಡಿದ ಮೇಲೆ ಆ ವಿಳಾಸ ಕತ್ತರಿಸಿಹೋಗುತ್ತದೆ. ಗಿರಣಿಯ ಕೊಳೆಯನ್ನುಂಡು ಬದುಕುವ ಜೀವಿಗೂ, ಅದನ್ನು ಕ್ಷುದ್ರವೆನ್ನುವ ಮನುಷ್ಯನಿಗೂ ಈ ಅಂಚೆ ಒಂದೇ ಮೂಲದಿಂದ ಬಂದ ಬಳುವಳಿ.