ಟ್ರಾಕ್ಟರಿನ ವಿದ್ಯುತ್ ದೋಷ ಪತ್ತೆಗೆ ಮಲ್ಟಿಮೀಟರ್

(ರೈತ ತರಬೇತಿ ಶಿಬಿರದಲ್ಲಿ ಮಾಡಿದ ಉಪನ್ಯಾಸ)



ವಿಜಯಪುರದ ಕಡೆಯ ಕಪ್ಪು ಭೂಮಿಯಲ್ಲಿ ಹಿಂಗಾರಿ ಜೋಳದ ಬಿತ್ತನೆಗೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಸಕಾಲ. ಆ ಅವಧಿಯಲ್ಲೂ ನೆಲ ಹದವಾಗಿರುವುದು ಕೆಲವೇ ದಿನ. ಮುಂದೆ ಬೆಳೆ ಬದುಕುವುದು ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿಕೊಂಡು. ಅಂಥ ದಿನ ಟ್ರಾಕ್ಟರ್ ನಿಂತರೆ ನಷ್ಟ ರಿಪೇರಿ ಖರ್ಚಿಗೇ ಮುಗಿಯುವುದಿಲ್ಲ. ಹದ ಆರುತ್ತದೆ, ಇಳುವರಿ ಕುಗ್ಗುತ್ತದೆ.

ಹಳೆಯ ಟ್ರಾಕ್ಟರುಗಳಲ್ಲಿ ವಿದ್ಯುತ್ತಿನ ಕೆಲಸ ಬ್ಯಾಟರಿ, ಸ್ಟಾರ್ಟರ್, ಡೈನಮೋ, ದೀಪಗಳಿಗೆ ಸೀಮಿತವಾಗಿತ್ತು. 50 ಅಶ್ವಶಕ್ತಿಗಿಂತ ಹೆಚ್ಚಿನ ಹೊಸ ಟ್ರಾಕ್ಟರುಗಳಿಗೆ 2023ರ ಜನವರಿಯಿಂದ ಹೊಗೆ ನಿಯಂತ್ರಣದ ಟ್ರೆಮ್ ನಾಲ್ಕನೇ ಹಂತದ ನಿಯಮ ಜಾರಿಗೆ ಬಂದಿತು. ಆ ಬಳಿಕ ಕಾಮನ್ ರೈಲ್ ಇಂಜಿನ್ನುಗಳು ಹೆಚ್ಚಾಗಿವೆ. ಇವುಗಳಲ್ಲಿ ಶಾಖ, ಒತ್ತಡ, ವೇಗಗಳನ್ನು ಸೆನ್ಸರುಗಳು ಅಳೆದು ನಿಯಂತ್ರಣ ಪೆಟ್ಟಿಗೆಗೆ ತಿಳಿಸುತ್ತವೆ. ಎಚ್ಚರಿಕೆ ದೀಪ ಹೊತ್ತಿದೊಡನೆ ಸೆನ್ಸರನ್ನೇ ಬದಲಿಸುವುದು ಸರಿಯಲ್ಲ. ದೋಷವು ಇಲಿ ಕಡಿದ ತಂತಿಯಲ್ಲಿ, ನೀರು ಹೊಕ್ಕ ಕನೆಕ್ಟರಿನಲ್ಲಿ ಅಥವಾ ತುಕ್ಕು ಹಿಡಿದ ಅರ್ತಿಂಗಿನಲ್ಲಿಯೂ ಇರಬಹುದು. ಇದನ್ನು ತಿಳಿಯಲು ಮಲ್ಟಿಮೀಟರ್ ಸಾಕು.

ಮೀಟರಿನ ಜೋಡಣೆ

ಕಪ್ಪು ತಂತಿಯನ್ನು ‘ಕಾಮ್’ ರಂಧ್ರಕ್ಕೂ ಕೆಂಪು ತಂತಿಯನ್ನು ವೋಲ್ಟ್-ಓಮ್ ರಂಧ್ರಕ್ಕೂ ಹಾಕಬೇಕು. ಕೆಂಪು ತಂತಿ ಆಂಪಿಯರ್ ರಂಧ್ರದಲ್ಲಿರುವಾಗ ಬ್ಯಾಟರಿಗೆ ತಾಗಿಸಿದರೆ ಶಾರ್ಟ್ ಆಗಿ ಮೀಟರ್ ಕೆಡುತ್ತದೆ.

ಮೊದಲು ಬ್ಯಾಟರಿ

ಬ್ಯಾಟರಿ ದುರ್ಬಲವಾಗಿದ್ದರೆ ಸೆನ್ಸರುಗಳ ಸೂಚನೆಯೂ ತಪ್ಪುತ್ತದೆ. ಮೀಟರನ್ನು ಡಿ.ಸಿ. 20 ವೋಲ್ಟಿಗೆ ತಿರುಗಿಸಿ ಈ ಕ್ರಮದಲ್ಲಿ ನೋಡಬೇಕು.

1. ಇಂಜಿನ್ ನಿಂತು ಕೆಲವು ಗಂಟೆಗಳಾದ ಮೇಲೆ ಸುಮಾರು 12.6 ವೋಲ್ಟ್ ಇದ್ದರೆ ಬ್ಯಾಟರಿ ಪೂರ್ಣ ಚಾರ್ಜ್ ಆಗಿದೆ. 12ಕ್ಕೆ ಇಳಿದಿದ್ದರೆ ಬಹುಪಾಲು ಖಾಲಿ.

2. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಸ್ಟಾರ್ಟರ್ ತಿರುಗಿಸುವಾಗ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು.

3. ಇಂಜಿನ್ ಓಡುವಾಗ ಸುಮಾರು 13.8ರಿಂದ 14.4 ಇರಬೇಕು. ಏರದಿದ್ದರೆ ಚಾರ್ಜಿಂಗ್ ಇಲ್ಲ. 15 ದಾಟಿದರೆ ಬ್ಯಾಟರಿಯ ನೀರು ಬೇಗ ಆರುತ್ತದೆ.

4. ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯ ಋಣ ತುದಿಗೂ ಇಂಜಿನ್ ಬ್ಲಾಕಿಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಅರ್ತ್ ಪಟ್ಟಿಯನ್ನು ಬಿಚ್ಚಿ ಉಜ್ಜಿ ಬಿಗಿಯಬೇಕು.

ಸೆನ್ಸರುಗಳ ಪರೀಕ್ಷೆ

ಓಮ್ ಅಳತೆಯನ್ನು ಕೀಲಿ ಆರಿಸಿ, ಕನೆಕ್ಟರ್ ಬಿಚ್ಚಿದ ಮೇಲೆಯೇ ಮಾಡತಕ್ಕದ್ದು.

ಇಂಜಿನ್ ನೀರಿನ ಶಾಖ ಅಳೆಯುವ ಎರಡು ತಂತಿಯ ಸೆನ್ಸರಿನಲ್ಲಿ ಶಾಖ ಏರಿದಂತೆ ರೋಧ ಇಳಿಯುತ್ತದೆ. ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2000 ಓಮ್ ಇರುವುದು 80 ಡಿಗ್ರಿಯಲ್ಲಿ ಸುಮಾರು 300ಕ್ಕೆ ಇಳಿಯುತ್ತದೆ. ತಣ್ಣಗಿನ ಇಂಜಿನ್ನಿನಿಂದ ಬಿಚ್ಚಿದ ಸೆನ್ಸರಿನ ತುದಿಯನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ನೋಡಬಹುದು. ಅಂಕಿ ಕದಲದಿದ್ದರೆ ಸೆನ್ಸರ್ ಕೆಟ್ಟಿದೆ.

ಆಕ್ಸಿಲರೇಟರ್ ಪೆಡಲಿನಂಥ ಸೆನ್ಸರುಗಳಿಗೆ 5 ವೋಲ್ಟ್, ಅರ್ತ್, ಸೂಚನೆ ಎಂಬ ತಂತಿಗಳಿರುತ್ತವೆ. ಕೀಲಿ ಹಾಕಿದಾಗ ಕನೆಕ್ಟರಿಗೆ 5 ವೋಲ್ಟ್ ಬರದಿದ್ದರೆ ಸೆನ್ಸರ್ ಬದಲಿಸಿ ಪ್ರಯೋಜನವಿಲ್ಲ; ತಂತಿಯನ್ನು ಹುಡುಕಬೇಕು. 5 ವೋಲ್ಟ್ ಬರುತ್ತಿದ್ದರೆ ಪೆಡಲ್ ಒತ್ತಿದಂತೆ ಸೂಚನೆ ತಂತಿಯ ವೋಲ್ಟ್ ಜಿಗಿಯದೆ ಒಂದೇ ಸಮನೆ ಬದಲಾಗಬೇಕು.

ಎಚ್ಚರಿಕೆ

ಓಡುತ್ತಿರುವ ಕಾಮನ್ ರೈಲ್ ಇಂಜಿನ್ನಿನ ಇಂಜೆಕ್ಟರ್ ತಂತಿಗಳನ್ನು ಮುಟ್ಟಬಾರದು. ಡೀಸೆಲ್ ಕೊಳವೆಗಳನ್ನು ಸಡಿಲಿಸಲೇಬಾರದು. ಒಳಗಿನ ಒತ್ತಡ 1000 ಬಾರ್ ಮೀರಬಲ್ಲದು, ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ತಂತಿಗೆ ಸೂಜಿ ಚುಚ್ಚಿ ಪರೀಕ್ಷಿಸಿದರೆ ಆ ರಂಧ್ರದಿಂದ ನೀರು ಇಳಿದು ತಾಮ್ರ ಕೊಳೆಯುತ್ತದೆ. ಬಹು ವೇಗವಾಗಿ ಬದಲಾಗುವ ಸೂಚನೆಗಳನ್ನು ಸಾಮಾನ್ಯ ಮೀಟರ್ ತೋರಿಸಲಾರದು. ಆ ಕೆಲಸ ಕಾರ್ಖಾನೆಯ ತಂತ್ರಜ್ಞರದು.

ಬಿತ್ತನೆಗೆ 15 ದಿನ ಮುಂಚೆ, ಟ್ರಾಕ್ಟರ್ ಸುಸ್ಥಿತಿಯಲ್ಲಿರುವಾಗಲೇ ಈ ಅಳತೆಗಳನ್ನು ತೆಗೆದು ಒಂದು ಪುಸ್ತಕದಲ್ಲಿ ಬರೆದಿಡುವುದು ಉತ್ತಮ. ಮಾದರಿಯಿಂದ ಮಾದರಿಗೆ ಅಂಕಿಗಳು ಬೇರೆಯಾಗುವುದರಿಂದ ತಯಾರಕರ ಕೈಪಿಡಿಯನ್ನೂ ನೋಡಬೇಕು. ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಗಳಲ್ಲಿ ಒಂದು ಟ್ರಾಕ್ಟರ್ ನಿಲ್ಲಿಸಿಕೊಂಡು ಇದನ್ನು ಮಾಡಿ ತೋರಿಸಿದರೆ, ಹದದ ದಿನ ದೋಷ ಕಂಡಾಗ ರೈತರು ತಮ್ಮ ಬರಹದೊಂದಿಗೆ ಹೋಲಿಸಿ ಕೆಟ್ಟ ಭಾಗವನ್ನು ಬೇಗ ಗುರುತಿಸಬಲ್ಲರು.