ನಮ್ಮ ಕಲ್ಲರೆಗಳಲ್ಲಿ ಮಲಗಿರುವವರು

(ನವೆಂಬರ್ 2, ಮೃತ ವಿಶ್ವಾಸಿಗಳೆಲ್ಲರ ಸ್ಮರಣೆಯ ದಿನದ ಪ್ರಬೋಧನೆ)



ನಿನ್ನೆ ಸಕಲ ಸಂತರ ಮಹೋತ್ಸವವನ್ನು ಆಚರಿಸಿದೆವು. ಇಂದು ನಮ್ಮ ಮನೆಯವರ ದಿನ. ನಮ್ಮಲ್ಲಿ ಹಲವರು ಇದನ್ನು ಕಲ್ಲರೆ ಹಬ್ಬವೆಂದೇ ಕರೆಯುತ್ತಾರೆ. ಸಮಾಧಿಯ ಮೇಲಿನ ಕಳೆ ಕಿತ್ತು, ಸುಣ್ಣ ಬಳಿದು, ಸೇವಂತಿಗೆ ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತೇವೆ. ಇದರ ಆಸುಪಾಸಿನಲ್ಲೇ ದೀಪಾವಳಿಯೂ ಬರುತ್ತದೆ. ನಮ್ಮ ನೆರೆಹೊರೆಯವರು ತಮ್ಮ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಎಡೆ ಇಟ್ಟು ಕೈ ಮುಗಿಯುತ್ತಾರೆ. "ನೀವು ನಿಮ್ಮ ಹಿರಿಯರಿಗೆ ಏನು ಇಡುತ್ತೀರಿ?" ಎಂದು ಅವರು ಕೇಳಿದರೆ ನಾವು ಏನು ಹೇಳುತ್ತೇವೆ? ಬಲಿಪೂಜೆಯನ್ನು ಅರ್ಪಿಸುತ್ತೇವೆ, ಅವರಿಗಾಗಿ ಪ್ರಾರ್ಥಿಸುತ್ತೇವೆ ಎನ್ನುತ್ತೇವೆ. ಉತ್ತರ ಸರಿಯಾದದ್ದೇ. ಆದರೆ ಯಾರಿಗಾಗಿ ಪ್ರಾರ್ಥಿಸುತ್ತೇವೆ? ನಮಗೆ ಹೆಸರು ಗೊತ್ತಿರುವ ನಾಲ್ಕಾರು ಮಂದಿಗಾಗಿ ಮಾತ್ರವೇ?

ಪವಿತ್ರ ಗ್ರಂಥದಲ್ಲಿ, ಮಕ್ಕಬಿಯರ ಎರಡನೇ ಗ್ರಂಥದ ಹನ್ನೆರಡನೇ ಅಧ್ಯಾಯದಲ್ಲಿ, ಯೂದನು ಯುದ್ಧದಲ್ಲಿ ಮಡಿದ ತನ್ನ ಸೈನಿಕರಿಗಾಗಿ ಹಣ ಕೂಡಿಸಿ, ಪಾಪಪರಿಹಾರದ ಬಲಿ ಅರ್ಪಿಸುವಂತೆ ಜೆರುಸಲೇಮಿಗೆ ಕಳುಹಿಸಿದ್ದನ್ನು ಓದುತ್ತೇವೆ. ಆ ಸೈನಿಕರು ತಪ್ಪು ಮಾಡಿದವರು. ಅವರ ಅಂಗಿಗಳ ಒಳಗೆ ವಿಗ್ರಹಗಳ ತಾಯಿತಗಳು ಸಿಕ್ಕಿದ್ದವು. ಆದರೂ ಯೂದನು ಅವರನ್ನು ಕೈಬಿಡಲಿಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಫ್ರಾನ್ಸಿನ ಕ್ಲುನಿ ಮಠದ ಅಧಿಪತಿ ಸಂತ ಓದಿಲೋ ತಮ್ಮ ಮಠಗಳಲ್ಲಿ ಈ ದಿನದ ಆಚರಣೆಗೆ ನಾಂದಿ ಹಾಡಿದರು. ಮೊದಲನೇ ಮಹಾಯುದ್ಧದ ಸಾವುಗಳ ನಡುವೆ, 1915ರಲ್ಲಿ, ಹದಿನೈದನೇ ಬೆನೆಡಿಕ್ಟ್ ಜಗದ್ಗುರುಗಳು ಪ್ರತಿಯೊಬ್ಬ ಯಾಜಕನೂ ಈ ದಿನ ಮೂರು ಪೂಜೆ ಅರ್ಪಿಸಬಹುದೆಂದು ಅನುಮತಿ ಕೊಟ್ಟರು. ಅವುಗಳಲ್ಲಿ ಒಂದು ಮೃತ ವಿಶ್ವಾಸಿಗಳೆಲ್ಲರಿಗಾಗಿ. ಅಂದರೆ ಪೂಜೆ ಬರೆಸಲು ಯಾರೂ ಉಳಿದಿಲ್ಲದವರಿಗೂ ಅದರಲ್ಲಿ ಪಾಲಿದೆ.

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಇಂಥವರು ಬಹಳ. ಇಲ್ಲಿ ನಾವು ಕಥೋಲಿಕರು ಬೆರಳೆಣಿಕೆಯ ಕುಟುಂಬಗಳು. ನಮ್ಮ ಹಿರಿಯರಲ್ಲಿ ಕೆಲವರು ಭದ್ರಾ ನಾಲೆಯ ಕೆಲಸಕ್ಕೆ ಬಂದವರು, ಕೆಲವರು ಅಡಿಕೆ ತೋಟದ ಕೂಲಿಗೆ, ಕೆಲವರು ಸರ್ಕಾರಿ ಶಾಲೆಯ ಮೇಷ್ಟ್ರಾಗಿ, ಆಸ್ಪತ್ರೆಯ ನರ್ಸಮ್ಮನಾಗಿ ವರ್ಗವಾಗಿ ಬಂದವರು. ಕೆಲಸ ಮುಗಿದ ಮೇಲೆ ಮಕ್ಕಳು ಬೆಂಗಳೂರಿಗೋ ಮಂಗಳೂರಿಗೋ ಹೋದರು. ತಂದೆತಾಯಿ ಮಾತ್ರ ಇಲ್ಲಿಯ ಮಣ್ಣಿನಲ್ಲೇ ಉಳಿದರು.

ಅವರ ದಾಖಲೆಯಾದರೂ ಒಂದೆಡೆ ಇದೆಯೇ ಎಂದರೆ ಅದೂ ಇಲ್ಲ. ನಮ್ಮ ಶಿವಮೊಗ್ಗ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1988ರ ನವೆಂಬರ್ 14ರಂದು. ಅಲ್ಲಿಯವರೆಗೆ ಚನ್ನಗಿರಿ, ಹೊನ್ನಾಳಿಯ ಕಡೆಯವರು ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ ಸೇರಿದ್ದರು. 1963ಕ್ಕೆ ಮುಂಚೆ ಮೈಸೂರಿಗೆ. ಜಗಳೂರು ಆಗ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು, ಅಲ್ಲಿಯವರ ಧರ್ಮಾಧ್ಯಕ್ಷರು ಬೆಂಗಳೂರಿನಲ್ಲಿದ್ದರು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಈ ತಾಲ್ಲೂಕುಗಳೆಲ್ಲ ಅದರೊಳಗೆ ಬಂದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ಗಡಿಗಳು ಹೀಗೆ ಬದಲಾಗುತ್ತಾ ಬಂದಂತೆ ಅಜ್ಜನ ಹೆಸರು ಒಂದು ಊರಿನ ಪುಸ್ತಕದಲ್ಲಿ, ಅಜ್ಜಿಯದು ಇನ್ನೊಂದು ಊರಿನಲ್ಲಿ ಉಳಿದುಹೋಯಿತು.

ಕೆಲವು ವರ್ಷಗಳ ಹಿಂದೆ ಹಳೆಯ ಧರ್ಮಕೇಂದ್ರವೊಂದರ ಮರಣ ದಾಖಲೆ ಪುಸ್ತಕವನ್ನು ತೆರೆದು ಕುಳಿತೆವು. ಒಬ್ಬ ಯುವಕ ತನ್ನ ಮುತ್ತಜ್ಜನ ಹೆಸರು ಹುಡುಕಿಕೊಂಡು ಬಂದಿದ್ದ. ಮುತ್ತಜ್ಜ ರಾಯಪ್ಪ. ಪುಟ ಪುಟ ತಿರುವಿದರೂ ರಾಯಪ್ಪ ಇಲ್ಲ. ಆಮೇಲೆ ಹೊಳೆಯಿತು: ಎರಡನೇ ವ್ಯಾಟಿಕನ್ ಸಭೆಗೆ ಮುಂಚಿನ ಆ ಪುಸ್ತಕ ಇದ್ದದ್ದು ಲತೀನಿನಲ್ಲಿ. ನಮ್ಮ ರಾಯಪ್ಪ ಅಲ್ಲಿ ಪೆತ್ರುಸ್. ಚಿನ್ನಪ್ಪ ಪೌಲುಸ್, ಅರುಳಪ್ಪ ಯೊಹಾನ್ನೆಸ್, ಇನ್ನಾಸಪ್ಪ ಇಗ್ನಾಸಿಯುಸ್! ಮುತ್ತಜ್ಜನು ಸಿಕ್ಕಿದ. ಯುವಕ ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದ.

ಆದರೆ ಆ ಪುಸ್ತಕದಲ್ಲಿ ನಮ್ಮನ್ನು ಕಾಡಿದ್ದು ಬೇರೆ. ಹಲವು ಹೆಣ್ಣುಮಕ್ಕಳಿಗೆ ಅಲ್ಲಿ ಹೆಸರೇ ಇರಲಿಲ್ಲ. 'ಇಂಥವನ ಹೆಂಡತಿ', 'ಇಂಥವಳ ಕೂಸು' ಎಂದಷ್ಟೇ ಇತ್ತು. ಒಬ್ಬನ ಎದುರು 'ಬಡವ' ಎಂಬ ಒಂದೇ ಮಾತು. ಲೂಕನ ಶುಭಸಂದೇಶದಲ್ಲಿ ಪ್ರಭು ಯೇಸು ಹೇಳಿದ ಸಾಮತಿಯನ್ನು ನೆನಪಿಸಿಕೊಳ್ಳಿ. ನಯವಾದ ಬಟ್ಟೆ ತೊಟ್ಟು ದಿನವೂ ಔತಣ ಮಾಡುತ್ತಿದ್ದ ಸಿರಿವಂತನಿಗೆ ಅಲ್ಲಿ ಹೆಸರಿಲ್ಲ. ಅವನ ಬಾಗಿಲಲ್ಲಿ ಹುಣ್ಣು ತುಂಬಿ ಬಿದ್ದಿದ್ದ ಬಡವನಿಗೆ ಹೆಸರಿದೆ, ಲಾಸರ. ಪ್ರಭು ತಮ್ಮ ಸಾಮತಿಗಳಲ್ಲಿ ಹೆಸರಿಟ್ಟು ಕರೆದದ್ದು ಇವನೊಬ್ಬನನ್ನೇ. ನಮ್ಮ ಪುಸ್ತಕ ಇದಕ್ಕೆ ತದ್ವಿರುದ್ಧವಾಗಿದೆ. ಸಿರಿವಂತನ ಹೆಸರು ದಪ್ಪ ಅಕ್ಷರದಲ್ಲಿ, ಅಮೃತಶಿಲೆಯ ಮೇಲೂ ಇದೆ. ಗಂಟೆ ಹೊಡೆದವನ, ಪೀಠದ ಬಟ್ಟೆ ಒಗೆದವಳ, ಮಳೆಯಲ್ಲಿ ಹಳ್ಳಿ ಹಳ್ಳಿ ನಡೆದು ಮಕ್ಕಳಿಗೆ ಜಪ ಕಲಿಸಿದ ಉಪದೇಶಿಯ ಸಮಾಧಿ ಯಾವುದೆಂದು ಕೇಳಿದರೆ ತೋರಿಸುವವರಿಲ್ಲ.

ಇಲ್ಲಿ ನಾವು ಯಾಜಕರೂ ಎದೆ ಮುಟ್ಟಿಕೊಳ್ಳಬೇಕು. ಬಡವರು ತಕ್ಕ ಉತ್ತರಕ್ರಿಯೆಯಿಂದ ವಂಚಿತರಾಗಬಾರದೆಂದು 1983ರ ಧರ್ಮಸಭೆಯ ಕಾನೂನು (1181) ಎಚ್ಚರಿಸುತ್ತದೆ. ಸಮಾಧಿಯಾದ ಮೇಲೆ ಪುಸ್ತಕದಲ್ಲಿ ಬರೆಯಬೇಕೆಂಬುದು ಅದರ ಮರು ನಿಯಮ. ಆದರೂ ಒಂದೆಡೆ ವರ್ಷದ ವಂತಿಗೆ ಬಾಕಿಯಿದೆಯೆಂದು ಮುದುಕಿಯೊಬ್ಬಳ ಶವವನ್ನು ಅಂಗಳದಲ್ಲಿಟ್ಟುಕೊಂಡು ಲೆಕ್ಕ ಹಾಕಿದ್ದನ್ನು ಬಲ್ಲೆವು. ಊರಿನ ಹೆಸರು ಬೇಡ. ನಾವೂ ಅಲ್ಲಿದ್ದೆವು, ನಾವೂ ಬಾಯಿ ಬಿಡಲಿಲ್ಲ. ಕೊನೆಗೆ ನೆರೆಮನೆಯ ಸಾಬರು ಹಣ ಕೊಡಲು ಮುಂದೆ ಬಂದಾಗ ಎಲ್ಲರೂ ತಲೆ ತಗ್ಗಿಸಿದೆವು. ಈ ದಿನ ಬಂದಾಗಲೆಲ್ಲ ಆ ಅಂಗಳ ಕಣ್ಣ ಮುಂದೆ ಬರುತ್ತದೆ. ಆ ತಾಯಿಗಾಗಿ ನಾವು ಪೂಜೆ ಅರ್ಪಿಸುತ್ತೇವೆ, ಆಕೆ ನಮಗಾಗಿ ಬೇಡಿಕೊಳ್ಳಲಿ ಎಂದೂ ಕೇಳಿಕೊಳ್ಳುತ್ತೇವೆ.

ಇನ್ನು 2020 ಮತ್ತು 2021ರ ಸಾವುಗಳು. ಕೊರೋನಾದಲ್ಲಿ ತೀರಿಕೊಂಡ ಅಪ್ಪನ ಮುಖವನ್ನೂ ನೋಡದ ಮಕ್ಕಳು ನಮ್ಮ ನಡುವೆ ಇದ್ದಾರೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮುಸುಕು ಹಾಕಿದ ಅಪರಿಚಿತರು ಮಣ್ಣು ಮಾಡಿದರು. ತೀರ್ಥ ಚಿಮುಕಿಸುವವರಿಲ್ಲ, ಹಾಡುವವರಿಲ್ಲ. ಸಮಾಧಿಗಳ ಬಳಿ ಜನ ಗುಂಪುಗೂಡಬಾರದೆಂದು ಧರ್ಮಸಭೆಯು ಆ ಎರಡು ವರ್ಷ, ನವೆಂಬರ್ ಮೊದಲ ಎಂಟು ದಿನಗಳಿಗೆ ಮೀಸಲಾದ ಪೂರ್ಣ ಪಾಪವಿಮೋಚನೆಯನ್ನು ಇಡೀ ತಿಂಗಳಿಗೆ ವಿಸ್ತರಿಸಿತ್ತು. ಆಗ ಮನೆಯಿಂದ ಹೊರಗೆ ಬರಲು ಹೆದರಿದವರು ಈಗ ಬನ್ನಿ. ತಡವಾಯಿತೆಂದು ಸಂಕೋಚ ಬೇಡ. ಲಾಸರನು ಸತ್ತು ನಾಲ್ಕು ದಿನವಾಗಿತ್ತು, ಪ್ರಭು ತಡವಾಗಿ ಬಂದರೆಂದು ಮಾರ್ತಳೂ ದೂರಿದಳು. ಆದರೂ ಸಮಾಧಿಯ ಮುಂದೆ ನಿಂತು ಅವರು ಹೆಸರು ಹಿಡಿದೇ ಕೂಗಿದರು.

ಜಗಳೂರಿನ ಕಡೆಯ ಒಂದು ಮಾತು. ಬಯಲುಸೀಮೆಯ ಆ ದೂರದ ಹಳ್ಳಿಗಳಿಗೆ ಸಾವಿನ ದಿನವೇ ಗುರುಗಳು ತಲುಪುವುದು ಪ್ರತಿಸಲ ಸಾಧ್ಯವಾಗುವುದಿಲ್ಲ. ಯಾಜಕರಿಲ್ಲವೆಂದು ಶವವನ್ನು ಮೌನವಾಗಿ ಹೂಳಬೇಡಿ. ಅಂಥ ಸಮಯದಲ್ಲಿ ಉಪದೇಶಿಯೋ ಕುಟುಂಬದ ಹಿರಿಯರೋ ವಾಚನ ಓದಿ ಪ್ರಾರ್ಥನೆ ನಡೆಸಲು ಅಂತ್ಯಕ್ರಿಯೆಯ ವಿಧಿಯಲ್ಲೇ ಅವಕಾಶವಿದೆ. ಬಲಿಪೂಜೆಯನ್ನು ನಂತರ ಅರ್ಪಿಸೋಣ. ಹೆಸರು, ತಾರೀಖು ಮಾತ್ರ ತಪ್ಪದೆ ಬರೆದು ಕಳುಹಿಸಿ. ಹೊಲದ ಬದುವಿನಲ್ಲಿ ಹೂಳಿದ್ದರೆ ಅದನ್ನೂ ಬರೆಯಿರಿ.

ಈ ತಿಂಗಳು ದೇವಾಲಯದ ಬಾಗಿಲ ಬಳಿ ಒಂದು ದಪ್ಪ ನೋಟ್‌ಬುಕ್ ಇಟ್ಟಿರುತ್ತೇವೆ. ನಿಮ್ಮ ಮನೆಯಲ್ಲಿ ಕರೆಯುತ್ತಿದ್ದ ಹೆಸರಿನಿಂದಲೇ ನಿಮ್ಮವರನ್ನು ಬರೆಯಿರಿ, ರಾಯಪ್ಪನನ್ನು ರಾಯಪ್ಪನೆಂದೇ. ಅವರು ಯಾವ ಊರಿನಿಂದ ಬಂದರು, ಏನು ಕೆಲಸ ಮಾಡಿದರು, ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ನಡೆದು ಹೋಗುತ್ತಿದ್ದರೇ, ಯಾವ ಹಾಡು ಹೇಳುತ್ತಿದ್ದರು, ಎಲ್ಲವನ್ನೂ ಬರೆಯಿರಿ. ಜಗಳಗಂಟರಾಗಿದ್ದರೆ ಅದನ್ನೂ ಬರೆಯಬಹುದು, ದೇವರಿಗೆ ಗೊತ್ತಿಲ್ಲದ್ದೇನೂ ಅಲ್ಲ! ಬರೆಯಲು ಬಾರದ ಅಜ್ಜಿಯರು ಹೇಳಲಿ, ಧರ್ಮೋಪದೇಶ ತರಗತಿಯ ಮಕ್ಕಳು ಬರೆದುಕೊಳ್ಳುತ್ತಾರೆ. ಭಾನುವಾರದ ಪೂಜೆಯಲ್ಲಿ ಆ ನೋಟ್‌ಬುಕ್ ಕಾಣಿಕೆಗಳ ಜೊತೆ ಪೀಠಕ್ಕೆ ಬರುತ್ತದೆ. ನಾಲ್ಕನೇ ಪರಮಪ್ರಸಾದ ಪ್ರಾರ್ಥನೆಯಲ್ಲಿ ಧರ್ಮಸಭೆಯು, ಯಾರ ವಿಶ್ವಾಸವನ್ನು ದೇವರೊಬ್ಬರೇ ಬಲ್ಲರೋ ಅಂಥ ಮೃತರಿಗಾಗಿಯೂ ಬೇಡುತ್ತದೆ. ಯಾರೂ ಬರೆಸದವರು ಅಲ್ಲಿ ಸೇರಲಿ.

ಪೂಜೆಯ ನಂತರ ಎಲ್ಲರೂ ಜಪಸರ ಹೇಳುತ್ತಾ ಸ್ಮಶಾನಕ್ಕೆ ಹೋಗುತ್ತೇವೆ. ಗಾಳಿ ಜೋರಾಗಿದೆ, ಬೆಂಕಿಪೊಟ್ಟಣ ಇಟ್ಟುಕೊಳ್ಳಿ. ನಿಮ್ಮವರ ಸಮಾಧಿಗೆಂದು ತಂದ ಮೇಣದ ಬತ್ತಿಯ ಜೊತೆ ಇನ್ನೊಂದನ್ನು ತೆಗೆದುಕೊಳ್ಳಿ. ಬೇಲಿಯ ಪಕ್ಕದಲ್ಲಿ ಶಿಲುಬೆಯಿಲ್ಲದ ಮಣ್ಣಿನ ದಿಬ್ಬಗಳಿವೆ. ಅಲ್ಲಿಂದಲೇ ತೀರ್ಥ ಚಿಮುಕಿಸಲು ಆರಂಭಿಸುತ್ತೇವೆ.